ಗುಡ್ಡದ ಹೋಟೆಲಿನಲ್ಲಿ ಗಂಗಕ್ಕನ ಬಿಸಿ ರೊಟ್ಟಿ

ನನ್ನ ನೆಗೆಣ್ಣಿ ಗಂಗುಬಾಯಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ರೊಟ್ಟಿ ಬಡಿಯಲು ಕೂತರೆ ಮಣ್ಣೂರಿನ ನಮ್ಮ ಓಣಿಗೆಲ್ಲ ಸಪ್ಪಳ ಕೇಳುತ್ತಿತ್ತು. ಮನೆ ತುಂಬ ಜನ, ಹೊಲದ ಆಳುಗಳು ಬೇರೆ. ನಾನು ಬಡಿದರೆ ಅಂಚು ಹರಿಯುತ್ತದೆಂದು ಅತ್ತೆ ನಿಂಬೆವ್ವ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಟ್ಟೆಗೆ ಹೋದ ಮೇಲೆ ಹರಿದದ್ದು ಯಾವುದು, ದುಂಡಗಿದ್ದದ್ದು ಯಾವುದು ಎಂದು ಒಮ್ಮೆ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಡಿದವಳು ಕಡೆಗೆ ಉಣ್ಣಬೇಕು. ಗಂಡಸರು, ಆಳುಗಳು, ಮಕ್ಕಳು, ಅತ್ತೆ, ಎಲ್ಲರದೂ ಮುಗಿದು ಒಲೆ ಆರಿದ ಮೇಲೆ ಗಂಗಕ್ಕನ ಊಟ. ಅಷ್ಟು ಹೊತ್ತಿಗೆ ರೊಟ್ಟಿ ತಣ್ಣಗಾಗಿ ಚರ್ಮದಂತೆ ಜಗ್ಗುತ್ತಿತ್ತು. ಯಾವ ಪುಣ್ಯಾತ್ಮ ಈ ಪದ್ಧತಿ ಮಾಡಿದನೋ, ಅವನಂತೂ ಒಲೆಯ ಮುಂದೆ ಕೂತವನಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಜೋಳದ ರಾಶಿ ಮುಗಿದು ಬಿಸಿಲು ಏರಿತ್ತು. ಅಕ್ಕನ ಮುಂಗೈ ಬಾತುಕೊಂಡು, ಕೆಲವು ದಿನ ಹಿಟ್ಟು ಮುಟ್ಟಬೇಡ ಎಂದು ವೈದ್ಯರು ಹೇಳಿದರು. ಅವಳು ಮನೆಯಲ್ಲಿದ್ದರೆ ಹಿಟ್ಟು ಬಿಡುವವಳಲ್ಲ. ಭಾವ ಬಸವಂತರಾಯರಿಗೆ ನಮ್ಮ ಜೋಳ ಮಾರಿಸಿಕೊಡುವ ಸೊಲ್ಲಾಪುರದ ಅಡತಿ ಸಾಹುಕಾರರ ಪರಿಚಯವಿತ್ತು. ಆ ಸಾಹುಕಾರರ ಬೀಗರು ಮಹಾಬಳೇಶ್ವರದ ಗುಡ್ಡದ ಮೇಲೆ ಹೋಟೆಲು ಇಟ್ಟಿದ್ದರು. ನಮ್ಮ ಪೈಕಿಯವರೇ, ಊಟಕ್ಕೆ ಅಡ್ಡಿಯಿಲ್ಲ. ಎರಡು ದಿನ ಆರಾಮಾಗಿ ಕೂತು ಬರೋಣ ಎಂದು ಭಾವ ಹೇಳಿದಾಗ, ಹೆಂಡತಿಯನ್ನು ಒಬ್ಬಳನ್ನೇ ಕರೆದೊಯ್ದರೆ ಊರು ಏನಂದೀತು ಎಂದು ಅತ್ತೆ ನನ್ನನ್ನೂ ನನ್ನ ಗಂಡನನ್ನೂ ಜೊತೆಗೆ ಹೊರಡಿಸಿದರು. ನನ್ನ ಗಂಡ ಚಂದ್ರಾಮ ಅಫಜಲಪುರದಲ್ಲಿ ಶಾಲೆ ಮಾಸ್ತರ. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ. ಅದರ ಹಿಂದೆ ಮುಂದೆ ಇನ್ನಷ್ಟು ರಜೆ ಕೂಡಿಸಿಕೊಂಡ.

ದುಧನಿಯವರೆಗೆ ಬಂಡಿ, ಅಲ್ಲಿಂದ ರೈಲು, ಕಡೆಗೆ ಗುಡ್ಡ ಹತ್ತಲು ಮೋಟಾರು. ರೈಲಿನ ಕಿಟಕಿಯ ಪಕ್ಕ ಕೂತು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: “ಗುರಮ್ಮ, ಗುಡ್ಡಾ ಗಿಡ್ಡಾ ನನಗೇನ್ ಬೇಕಾಗಿಲ್ಲ ಬೇ. ಯಾರರ ಬಡ್ದು, ಹಂಚಿನ ಮ್ಯಾಲಿಂದು ಹಂಗೇ ನನ್ನ ಗಂಗಾಳಕ್ಕ ಒಂದು ಬಿಸಿ ರೊಟ್ಟಿ ಹಾಕಿದ್ರ ಸಾಕು. ನಮ್ಮವ್ವ ಹೋದ ಮ್ಯಾಲ ಯಾರೂ ಹಾಕಿಲ್ಲ.”



ಗುಡ್ಡದ ಮೇಲೆ ಬೇಸಿಗೆಯಲ್ಲೂ ಕಂಬಳಿ ಹೊದೆಯುವ ಥಂಡಿ. ಬೆಳಿಗ್ಗೆ ಎದ್ದರೆ ಮಂಜು ಪಡಸಾಲೆಯೊಳಗೇ ಬಂದು ಕೂತಿತ್ತು. ಆಳು ಚಹಾ ತಂದುಕೊಟ್ಟ. ಅಕ್ಕ ಕುಡಿದು ಕಪ್ಪು ತೊಳೆಯಲು ನೀರು ಎಲ್ಲಿದೆ ಎಂದು ಹುಡುಕುತ್ತ ಹೋದಳು. ಮಧ್ಯಾಹ್ನದ ಊಟದಲ್ಲಂತೂ ಹೇಳಲೇಬೇಡಿ. ಎಲ್ಲರೂ ಸಾಲಾಗಿ ಕೂತಾಗ ಇವಳು ಸೆರಗು ಸಿಕ್ಕಿಸಿ ಎದ್ದಳು, ಸಾರಿನ ಪಾತ್ರೆ ಎತ್ತಿದಳು, ಬಡಿಸುತ್ತ ಹೊರಟಳು. ಪುಣೆಯ ಹೆಂಗಸೊಬ್ಬಳು ಇವಳನ್ನು ಹೋಟೆಲಿನವಳೇ ಎಂದುಕೊಂಡು ಮರಾಠಿಯಲ್ಲಿ ಇನ್ನಷ್ಟು ಅನ್ನ ಕೇಳಿದಳು. ಅಕ್ಕ ಸಂತೋಷದಿಂದ ಬಡಿಸಿದಳು, ಬೇಡವೆಂದರೂ ಬಡಿಸಿದಳು. ಭಾವನ ಮೀಸೆ ಕುಣಿಯತೊಡಗಿತು.

“ಏ, ಕುಂದರು. ರೊಕ್ಕಾ ಕೊಟ್ಟು ಬಂದೀವಿ.”

“ಬಡಿಸಾವ್ರು ಇನ್ನಾ ಉಂಡಿಲ್ಲರಿ. ಅವ್ರನ್ನ ಬಿಟ್ಟು ನಾ ಹೆಂಗ ಉಣ್ಲಿ?”

ಎಲ್ಲರೂ ಎದ್ದ ಮೇಲೆ ಅವಳು ಕೂತಳು. ಆಗ ಉಳಿದಿದ್ದದ್ದು ತಣ್ಣನೆಯ ಗೋದಿ ಚಪಾತಿ. ದೊಡ್ಡ ಹೋಟೆಲಿನಲ್ಲಿ ಜೋಳ ಯಾರಿಗೆ ಬೇಕು? ಭಾವನಿಗೆ ಸಿಟ್ಟು ಬಂದು, ಹೋಟೆಲಿನ ಮುಂದಿನ ಕಾರಂಜಿಯ ಹತ್ತಿರ ಹೋಗಿ ಒಬ್ಬರೇ ಕೂತರು.

ಮರುದಿನ ಊಟದ ಗದ್ದಲವೆಲ್ಲ ಮುಗಿದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಕೂತಿದ್ದೆವು. ಅಂದೂ ಎಲ್ಲರಿಗೂ ಬಡಿಸಿದ ಅಕ್ಕ ಇನ್ನೂ ಉಂಡಿರಲಿಲ್ಲ. ಹಿತ್ತಲ ಕಡೆಯಿಂದ ಪಟ್ ಪಟ್ ಸಪ್ಪಳ ಬಂತು. ಅಕ್ಕ ಥಟ್ಟನೆ ಎದ್ದಳು. “ಜ್ವಾಳದ್ದು ಬೇ!”

ಹಿತ್ತಲ ಅಡುಗೆಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ತನಗೋಸ್ಕರ ರೊಟ್ಟಿ ಬಡಿಯುತ್ತಿದ್ದಳು. ಹೆಸರು ಸಕ್ಕುಬಾಯಿ, ಅಕ್ಕಲಕೋಟೆಯ ಕಡೆಯವಳು, ನಮ್ಮ ಹಾಗೇ ಮಾತು. ನಾನು ಸುಮ್ಮನಿರಲಾರದೆ ಅಕ್ಕನ ಆಸೆಯನ್ನು ಹೇಳಿಬಿಟ್ಟೆ. ಸಕ್ಕುಬಾಯಿ ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ಅಕ್ಕನ ಮುಂದೆ ಇಟ್ಟಳು.

“ತಿನ್ನವ್ವಾ.”

“ನೀವು ಉಂಡೀರೇನ್ರಿ?”

“ಬಡಿಯಾಕಿ ಕಡೀಕಲ್ಲೇನ?”

“ಹಂಗಾರ ನಂಗ ಬ್ಯಾಡ. ನೀವ್ ತಿನ್ರಿ, ನಾ ಬಡೀತೇನಿ.”

“ಬಂದ ಮಂದಿ ಕಡಿಂದ ಬಡಿಸ್ಕೊಳ್ಳೂದಾ? ಶಿವಶಿವಾ!”

ರೊಟ್ಟಿ ಇವಳ ಕಡೆ ಒಮ್ಮೆ, ಅವಳ ಕಡೆ ಒಮ್ಮೆ. ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದವರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನೋಡನೋಡುತ್ತ ರೊಟ್ಟಿಯ ಉಬ್ಬು ಇಳಿದು ಹೋಯಿತು.

“ಅವ್ವಾ, ಆರಾಕತ್ತದ!” ಎಂದು ನಾನು ಕೂಗಿದ್ದಕ್ಕೋ ಏನೋ, ಹೆಂಡತಿಯನ್ನು ಹುಡುಕುತ್ತ ಬಂದ ಭಾವ ಬಾಗಿಲಲ್ಲಿ ನಿಂತರು. ನಾನು ಸೆರಗು ಎಳೆದುಕೊಂಡು ಮೂಲೆ ಸೇರಿದೆ. ಸಂಗತಿ ಏನೆಂದು ಸಕ್ಕುಬಾಯಿ ಅವರಿಗೆ ಬಿಡಿಸಿ ಹೇಳಿದಳು, ಬಿಸಿ ರೊಟ್ಟಿಯ ಆಸೆಯನ್ನೂ ಬಿಡದೆ. ಭಾವ ತಲೆಯ ರುಮಾಲು ತೆಗೆದು ಗೂಟಕ್ಕೆ ಹಾಕಿದರು.

“ಇಬ್ರೂ ಏಳ್ರಿ ಅಲ್ಲಿಂದ.”

ಮಣ್ಣೂರಿನ ಬಸವಂತರಾಯರು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು! ಪೈರು ಕಾಯಲು ಹೊಲದಲ್ಲಿ ಮಲಗುವಾಗ ರೊಟ್ಟಿ ಮಾಡಿಕೊಂಡ ಅಭ್ಯಾಸವಿದ್ದಿರಬೇಕು, ಆದರೆ ಅದು ಯಾವ ಕಾಲದ್ದೋ. ಹಿಟ್ಟು ಮೀಸೆಗೂ ಹತ್ತಿತು. ರೊಟ್ಟಿಗೆ ಮೂಲೆಗಳಿದ್ದವು, ಒಂದು ಮಗ್ಗುಲು ಕರಿಕಾಯಿತು. ನನ್ನ ಹರಿದ ರೊಟ್ಟಿ ಅದರ ಮುಂದೆ ಪೂರ್ಣಿಮೆ ಚಂದ್ರ. ಮೊದಲನೆಯದನ್ನು ಸಕ್ಕುಬಾಯಿಗೆ ಹಾಕಿದರು. ಎರಡನೆಯದನ್ನು ಹೆಂಡತಿಯ ಗಂಗಾಳಕ್ಕೆ ಹಾಕಿ, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡರು.

ಅಕ್ಕ ಮುರಿದಳು. ಹಬೆ ಮುಖಕ್ಕೆ ಹೊಡೆಯಿತು. ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಕಣ್ಣೀರು ಸುರಿಸಿದಳು, ನಕ್ಕಳು, ಮತ್ತೆ ಕಣ್ಣೊರೆಸಿಕೊಂಡಳು.

“ಹೆಂಗದ?” ಭಾವ ಕೇಳಿದರು.

“ನಡುವ ಬೆಂದಿಲ್ಲರಿ. ಇನ್ನೊಂದು ಹಾಕ್ರಿ.”

ಅವರು ಹಾಕಿದರು. ನನಗೂ ಬಂತು. ನಾನಂತೂ ಬೇಡವೆನ್ನಲಿಲ್ಲ. ಎಲ್ಲರ ಹೊಟ್ಟೆ ತುಂಬಿದ ಮೇಲೆ, ಸಕ್ಕುಬಾಯಿ ಆಗ ಮಾಡಿ ಇಟ್ಟಿದ್ದ ಆ ಮೊದಲಿನ ರೊಟ್ಟಿಯೊಂದೇ ಉಳಿಯಿತು. ಅದನ್ನು ಭಾವ ತಮ್ಮ ಮುಂದೆ ಎಳೆದುಕೊಂಡರು. ಜಗ್ಗಿ ಮುರಿದರು, ಬಾಯಿಗಿಟ್ಟುಕೊಂಡರು, ಅಗಿದರು. ಅಗಿಯುತ್ತ ಅಗಿಯುತ್ತ ಅವರ ಮುಖ ಬೇರೆಯಾಯಿತು. ಮನೆಯಲ್ಲಿ ಎಂದೂ ಹೆಸರು ಹಿಡಿದು ಕರೆಯದವರು ಅಂದು ಕರೆದರು.

“ಗಂಗೂ, ಇಷ್ಟ್ ವರ್ಷ ದಿನಾ ಇಂಥಾದ್ದೇ ತಿಂದ್ಯಾ?”

ಅಕ್ಕ ಒಲೆಯ ಹತ್ತಿರ ಸರಿದಳು. ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟು, ಅವರ ಕೈಯಲ್ಲಿದ್ದ ರೊಟ್ಟಿಯನ್ನು ತೆಗೆದುಕೊಂಡು ಬಿಸಿ ಮಾಡಲು ಹೋದಳು. ಭಾವ ಕೊಡಲಿಲ್ಲ. ತಣ್ಣಗಿದ್ದದ್ದನ್ನೇ ಪೂರ್ತಿ ತಿಂದು ಎದ್ದರು.