ಮುತ್ತಲ ಎಲೆ, ಮಾನ್ವಿಯ ಪಾಕೀಟು

ಒಣಗಿದ ಮುತ್ತಲ ಎಲೆಗೆ ನೀರು ಚಿಮುಕಿಸಿದಾಗ ಬರುವ ವಾಸನೆ ನಿಮಗೆ ನೆನಪಿದೆಯೇ? ತುಸು ಒಗರು, ತುಸು ಹೊಗೆ, ಮೇಲೆ ಬಿಸಿ ಪುಂಡಿಪಲ್ಯ ಬಿದ್ದರೆ ಉಂಡವರಿಗೂ ಮತ್ತೆ ಹಸಿವಾಗಿಸುವ ವಾಸನೆ? ರಾಯಚೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಈ ವರ್ಷ ಒಂದು ಕೆಲಸ ನನ್ನ ಪಾಲಿಗೆ ಬಂದಿದೆ: ಊಟ ತಿಂಡಿ ಕಟ್ಟಿಕೊಡುವ ವಸ್ತುಗಳಲ್ಲಿ ಯಾವುದು ಭೂಮಿಗೆ ಎಷ್ಟು ಭಾರ ಎಂದು ಅಳೆಯುವುದು. ಸಾರಿನ ಕವರು, ಬೆಳ್ಳಿ ಬಣ್ಣದ ಡಬ್ಬಿ, ಕಾಗದದ ತಟ್ಟೆ ಎಲ್ಲವನ್ನೂ ಕುಂಡಗಳ ಮಣ್ಣಿನಲ್ಲಿ ಹೂತು ಕಾಯುತ್ತಿದ್ದೇನೆ. ಹೋಲಿಸಿ ನೋಡಲು ಊಟದ ಎಲೆ ಬೇಕಿತ್ತು. ಪೇಟೆಯಲ್ಲಿ ಸಿಕ್ಕ ಎಲೆಗಳ ಬೆನ್ನಿಗೂ ಪ್ಲಾಸ್ಟಿಕ್ ಅಂಟಿಸಿದ್ದರು. ಕೊನೆಗೆ ಮಾನ್ವಿಯಿಂದ ಶರಣಮ್ಮ, ನನ್ನ ಕಾಕಾನ ಮಗಳು, ತಾನೇ ಹೊಲಿದ ಒಂದು ಕಟ್ಟು ಎಲೆ ಕಳಿಸಿಕೊಟ್ಟಳು. ಬಿಚ್ಚಿ ನೀರು ಚಿಮುಕಿಸಿದೆ. ವಾಸನೆ ಬಂತು; ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಆ ಹೊಲಿಗೆಯ ರೀತಿ ನಮ್ಮ ಅಜ್ಜಿಯದಾಗಿತ್ತು.

ದೇವದುರ್ಗದ ನಮ್ಮ ಮನೆಯಲ್ಲಿ ಹಬ್ಬಕ್ಕಾಗಲಿ ಬೀಗರು ಬಂದಾಗಾಗಲಿ ಊಟ ಅಜ್ಜಿ ಹೊಲಿದ ಎಲೆಯಲ್ಲೇ. ಗುಡ್ಡದ ಕಡೆಯಿಂದ ತಂದ ಎಲೆಗಳನ್ನು ಒಣಗಿಸಿ, ಕಲ್ಲು ಹೇರಿ, ಪಡಸಾಲೆಯ ಮೂಲೆಯಲ್ಲಿ ಒಟ್ಟುತ್ತಿದ್ದಳು. ಬೇಸಿಗೆಯಲ್ಲಿ ಮಾನ್ವಿಯಿಂದ ಕಾಕಾ ಶರಣಮ್ಮನನ್ನು ಬಿಟ್ಟು ಹೋಗುತ್ತಿದ್ದ. ಅವನದು ಕಿರಾಣಿ ಅಂಗಡಿ. ಅವಳ ಚೀಲದಲ್ಲಿ ಥಳಥಳ ಹೊಳೆಯುವ ಕುರುಕಲಿನ ಪಾಕೀಟುಗಳು ಇರುತ್ತಿದ್ದವು. ನನಗೂ ಪಾಲು ಸಿಗುತ್ತಿತ್ತು, ಆದರೆ ಅವುಗಳ ನಡುವೆಯೇ ವರ್ಷವಿಡೀ ಬದುಕುವವಳು ಅವಳಲ್ಲವೇ ಎಂಬ ಸಂಕಟಕ್ಕೆ ಆ ಪಾಲು ಸಾಲುತ್ತಿರಲಿಲ್ಲ. ಖಾಲಿ ಪಾಕೀಟನ್ನೂ ಮೂಸಿ ನೋಡುತ್ತಿದ್ದೆ. ಅದು ಸಾಲದೆಂಬಂತೆ ಅಜ್ಜಿ ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು ಎಲೆಗೆ ಕಡ್ಡಿ ಚುಚ್ಚುವುದನ್ನು ಕಲಿಸುತ್ತಿದ್ದಳು. ನಾನು ಹತ್ತಿರ ಹೋದರೆ, "ನೀ ಓದಾಕಿ, ಓದ್ಕೋ ಹೋಗವ್ವ" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಾಕೀಟೂ ಅವಳಿಗೆ, ಅಜ್ಜಿಯೂ ಅವಳಿಗೆ.

ಆ ಮನೆಯಲ್ಲಿ ಕಸ ಎಂಬುದೇ ಇರಲಿಲ್ಲ, ತಿಪ್ಪೆ ಇತ್ತು. ಉಂಡ ಎಲೆ, ಬೂದಿ, ಸಗಣಿ, ಸಿಪ್ಪೆ ಎಲ್ಲ ಅಲ್ಲಿಗೇ. ಮಳೆಗೆ ಮುಂಚೆ ಗೊಬ್ಬರವಾಗಿ ಬಂಡಿ ಏರಿ ಹೊಲಕ್ಕೆ. ತಿನ್ನುವುದನ್ನು ಸುತ್ತಿದ್ದೆಲ್ಲ ಎಲೆಯ ಜಾತಿಯದೇ ಎಂದು ತಿಳಿದ ಅಜ್ಜಿ ಪಾಕೀಟುಗಳನ್ನೂ ಅಲ್ಲೇ ಹಾಕಿದ್ದಳು. ಗೊಬ್ಬರ ಚೆಲ್ಲಿ ಕುಂಟೆ ಹೊಡೆದ ದಿನ ಕರಿ ಎರೆಮಣ್ಣಿನ ತುಂಬ ಕೆಂಪು, ಹಳದಿ ಚೂರುಗಳು ಮಿಂಚುತ್ತಿದ್ದವು. ಅಜ್ಜಿ ಒಂದನ್ನು ಎತ್ತಿ ಉಜ್ಜಿ ನೋಡಿದಳು.

"ಇದ್ಯಾಕ ಮಣ್ಣಾಗವಲ್ದು? ಗಟ್ಟಿ ಜಾತಿ ಅದ. ಇನ್ನೊಂದು ಮಳಿಗಾಲ ಇರಲಿ."

ಎಲ್ಲವನ್ನೂ ಉಡಿಯಲ್ಲಿ ಆರಿಸಿ ತಂದು ಮತ್ತೆ ತಿಪ್ಪೆಯಲ್ಲೇ ಹೂತಳು. ಮರುವರ್ಷ ಅವು ಬಣ್ಣವೂ ಮಾಸದೆ ಹೊಲಕ್ಕೆ ಬಂದವು. ಈ ಸಲ ಅಜ್ಜಿ ಸಾಲಿನಿಂದ ಸಾಲಿಗೆ ಬಾಗಿ ಆರಿಸುತ್ತ ಹೋದಳು. ಎಷ್ಟು ಆರಿಸಿದರೂ ಮುಗಿಯಲಿಲ್ಲ. ನಾವು ಮಕ್ಕಳು ಬದುವಿನ ಮೇಲೆ ಕೂತು ನೋಡುತ್ತಿದ್ದೆವು.

ಎಲೆಯ ಕಟ್ಟು ಕೈಗೆ ಬಂದ ಭಾನುವಾರವೇ ಮಾನ್ವಿಗೆ ಹೋದೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ, ದೇವದುರ್ಗದ ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ, ಆ ಹೊಲವನ್ನು ಬೇರೆಯವರು ಉಳುತ್ತಾರೆ. ಶರಣಮ್ಮ ಪಡಸಾಲೆಯಲ್ಲಿ ಎಲೆ ಹೊಲಿಯುತ್ತಲೇ ಮಾತಾಡಿಸಿದಳು. ಅವಳ ಬೆರಳು ಕಡ್ಡಿ ಮುರಿಯುವ ರೀತಿ, ಎಲೆ ತಿರುಗಿಸುವ ರೀತಿ ಎಲ್ಲ ಅಜ್ಜಿಯದೇ. ನಲವತ್ತು ದಾಟಿದವಳು ನಾನು, ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ. "ನಿನಗಷ್ಟ ಕಲಿಸಿದ್ಲಲ್ಲ, ನಾ ಏನ್ ಮಾಡಿದ್ನೇ ಅಕಿಗೆ?"

ಶರಣಮ್ಮನ ಕೈ ನಿಂತಿತು.

"ಯಕ್ಕಾ, ಆ ಪಾಕೀಟು ನಮ್ಮಪ್ಪ ತಾನಾಗೇ ಕೊಡ್ತಿದ್ದ ಅನ್ಕೊಂಡೀಯೇನು? ಅಂಗಡ್ಯಾಗ ಒಂದು ಮುಟ್ಟಾಕ ಬಿಡ್ತಿದ್ದಿಲ್ಲ ನನಗ. ಅಜ್ಜಿ ನಿನ್ನ ಸಲುವಾಗಿ ಹೇಳಿ ಕಳಸ್ತಿದ್ಲು, ದೊಡ್ಡಾಕಿ ಮಾರಿ ಸಣ್ಣದು ಮಾಡ್ಕೋತಾಳ, ಅಕಿಗೆ ಸೇರ್ತದ, ತಗೊಂಡು ಬಾ ಅಂತ. ಹೊಲದಾಗ ಅಷ್ಟು ಆರಿಸಿದ ಮ್ಯಾಲೂ ಹೇಳಿ ಕಳಿಸಿದ್ಲು. ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು. ನನಗ ಬರೇ ಎಲಿ."

ಅಷ್ಟು ವರ್ಷ ಇಬ್ಬರೂ ಒಬ್ಬರ ಪಾಲನ್ನು ಇನ್ನೊಬ್ಬರು ನೋಡಿ ಕರುಬಿದ್ದೆವು. ಊಟಕ್ಕೆ ಅವಳು ಹೊಸ ಎಲೆ ಹಾಕಿದಳು, ಪುಂಡಿಪಲ್ಯ ಬಡಿಸಿದಳು. ಉಂಡೆ. ಆ ಬೆರಳುಗಳನ್ನು ನೋಡಿದರೆ ಈಗಲೂ ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳಲಿ? ಆದರೆ ಉಂಡ ಎಲೆಯನ್ನು ಮಡಚದೆ ನೋಡುತ್ತ ಕೂತದ್ದು ಅದಕ್ಕಲ್ಲ. ಮಣ್ಣು ಉಣ್ಣದ ವಸ್ತುವೆಂದು ತನ್ನ ಕೈಯಾರೆ ತಿಳಿದುಕೊಂಡ ಮೇಲೂ ಅಜ್ಜಿ ಅದನ್ನು ನನಗಾಗಿ ತರಿಸಿದ್ದಳು. ಅವಳು ಹೊಲಿದ ಎಲೆಗಳೆಲ್ಲ ಎಂದೋ ಮಣ್ಣಾದವು, ಅವಳೂ ಮಣ್ಣಾದಳು. ನನ್ನ ಮೇಲಿನ ಅವಳ ಮುದ್ದು ಮಾತ್ರ ಯಾರದೋ ಹೊಲದಲ್ಲಿ, ಯಾರದೋ ಕುಂಟೆಗೆ ಸಿಕ್ಕುತ್ತ, ಇನ್ನೂ ಹಾಗೆಯೇ ಬಿದ್ದಿದೆ.