ಸೇತುವೆ ಪಾಠದ ಯಾಕೆ ಮಿಸ್

ಆಕೆ ಆ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಯಾರು ಏನೇ ಉತ್ತರ ಕೊಟ್ಟರೂ ‘ಯಾಕೆ?’ ಎಂದು ಮರುಪ್ರಶ್ನೆ ಹಾಕುವ ಚಾಳಿ ನೋಡಿ ಮಕ್ಕಳು ‘ಯಾಕೆ ಮಿಸ್’ ಎಂದು ಹೆಸರಿಟ್ಟಿದ್ದರು. ಹೆಸರು ಮನೆಯವರೆಗೂ ಬಂದಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಗಂಡ ತಡವಾಗಿ ಬಂದ ದಿನ ಬಾಗಿಲಲ್ಲೇ ನಿಂತು, “ಯಾಕೆ ಅಂತ ಮಾತ್ರ ಕೇಳ್ಬೇಡ ಮಾರಾಯ್ತಿ, ಬಸ್ ಸಿಗ್ಲಿಲ್ಲ” ಎನ್ನುತ್ತಿದ್ದ.

ಗುಂಪು ಪಾಠವೆಂದರೆ ಅಲ್ಲಿನ ಶಿಕ್ಷಕರಿಗೆಲ್ಲ ನಗು. ನಾಲ್ವರನ್ನು ಒಂದು ಮೇಜಿಗೆ ಕೂರಿಸಿದರೆ ಒಬ್ಬಳು ಬರೆಯುವುದು, ಇಬ್ಬರು ಹರಟುವುದು, ನಾಲ್ಕನೆಯವನು ಕಿಟಕಿಯಾಚೆ ನೋಡುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕಥೆ. ಒಬ್ಬರಿಂದ ಮುಗಿಯುವ ಕೆಲಸವನ್ನು ನಾಲ್ವರಿಗೆ ಕೊಡುತ್ತಿದ್ದೇವೆ, ತಪ್ಪು ಮಕ್ಕಳದಲ್ಲ ಎಂದು ಆಕೆಗೆ ಅನ್ನಿಸುತ್ತಿತ್ತು. ನಾಲ್ವರೂ ಸೇರದೆ ಮುಗಿಯದಂಥ ಕೆಲಸ ಬೇಕಿತ್ತು. ಅದಕ್ಕಾಗಿ ಆಕೆ ಕಂಪ್ಯೂಟರ್ ಲ್ಯಾಬಿನ ಬಾಗಿಲು ತಟ್ಟಿದಳು.

ಅಲ್ಲಿದ್ದವನು ಲ್ಯಾಬ್ ಸರ್. ಆಕೆಗಿಂತ ಚಿಕ್ಕವನು. ಹೊಸದಾಗಿ ಬಂದಾಗ ಯಾರ ಪರಿಚಯವೂ ಇಲ್ಲದೆ ಮಧ್ಯಾಹ್ನ ಲ್ಯಾಬಿನಲ್ಲೇ ನಿಂತು ಬಿಸ್ಕತ್ತು ತಿನ್ನುತ್ತಿದ್ದವನನ್ನು ಆಕೆಯೇ ಕರೆದು ತನ್ನ ಡಬ್ಬಿಯಲ್ಲಿ ಪಾಲು ಕೊಟ್ಟಿದ್ದಳು. ಆಗಿನಿಂದ ಆತನಿಗೆ ಆಕೆ ‘ಅಕ್ಕ’. ಆತನ ತಾಯಿ ಆಸ್ಪತ್ರೆ ಸೇರಿದಾಗ ಹಗಲೆಲ್ಲ ಶಾಲೆಯಲ್ಲಿ ಆತನ ತರಗತಿಗಳನ್ನು ನೋಡಿಕೊಂಡು, ಸಂಜೆ ಆ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದವಳೂ ಆಕೆಯೇ.

ಗಂಟೆ ಹೊಡೆದು ಮಕ್ಕಳು ಮನೆಗೆ ಹೋದ ಮೇಲೆ ಇಬ್ಬರೂ ಲ್ಯಾಬಿನಲ್ಲಿ ಕೂರುತ್ತಿದ್ದರು. ಬಿಸಿಯಾದ ಧೂಳಿನ ವಾಸನೆ, ಅಕ್ಷರ ಸವೆದ ಕೀಲಿಮಣೆಗಳು. ಆಕೆ ಪ್ರಶ್ನೆ ಕಟ್ಟುತ್ತಿದ್ದಳು, ಆತ ಅದನ್ನು ವೆಬ್ ಪುಟವಾಗಿಸುತ್ತಿದ್ದ. ಮೊದಲು ಮಾಡಿದ ಪಾಠದ ಹೆಸರು ‘ಸೇತುವೆ ಇಲ್ಲೇ ಯಾಕೆ?’ ಊರಿನ ಹೊಳೆ ಹಿಟ್ಟಿನ ಗಿರಣಿಯ ಹತ್ತಿರ ಕಿರಿದಾಗಿದ್ದರೂ ಸೇತುವೆಯನ್ನು ಅಗಲವಾದ ಕಡೆ ಕಟ್ಟಿದ್ದರು. ಯಾಕೆ? ಗುಂಪಿನಲ್ಲಿ ಒಬ್ಬರಿಗೆ ಹಳೆಯ ನಕ್ಷೆಯ ಪುಟ, ಇನ್ನೊಬ್ಬರಿಗೆ ಹೊಳೆಗೆ ನೆರೆ ಬಂದಾಗಿನ ಚಿತ್ರಗಳು, ಮತ್ತೊಬ್ಬರಿಗೆ ಮಣ್ಣಿನ ಬಗ್ಗೆ ಬರೆದ ಪುಟ. ಒಬ್ಬರ ಪುಟ ಇನ್ನೊಬ್ಬರು ತೆರೆಯುವಂತಿಲ್ಲ, ಬಾಯಿಬಿಟ್ಟು ಹೇಳಿಕೊಳ್ಳಬೇಕು. ನಾಲ್ಕನೆಯವರು ‘ಅನುಮಾನಿ’. ಪುಟ ಬರೆದವರು ಯಾರು, ಯಾವಾಗ ಬರೆದರು, ಅವರಿಗೆ ಹೇಗೆ ಗೊತ್ತು ಎಂದು ಕೇಳುತ್ತಲೇ ಇರುವುದು ಅವರ ಕೆಲಸ.

ಅನುಮಾನಿಗೆ ಕೆಲಸ ಇರಲೆಂದು ಆಕೆ ಒಂದು ಸುಳ್ಳು ಪುಟವನ್ನೂ ಸೇರಿಸಿದಳು. ಯಾವಳೋ ರಾಣಿ ಅಲ್ಲಿ ಕಾಲು ಜಾರಿ ಬಿದ್ದಳಂತೆ, ರಾಜ ಸಿಟ್ಟಿಗೆದ್ದು ಸೇತುವೆ ಕಟ್ಟಿಸಿದನಂತೆ. ಬರೆದವರ ಹೆಸರಿಲ್ಲ, ಇಸವಿಯಿಲ್ಲ.

ಆತ ನಕ್ಕಿದ್ದ. “ಏನಕ್ಕ, ಮಕ್ಕಳಿಗೆ ಮೋಸ ಮಾಡೋದಾ?”

“ಮೋಸ ಹೋಗದೆ ಇರೋದನ್ನ ಕಲಿಸೋದು ಕಣೋ.”

ಪಾಠ ನಡೆದ ದಿನ ತರಗತಿಯಲ್ಲಿ ಸಂತೆಯ ಗದ್ದಲ. ವರ್ಷವೆಲ್ಲ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ರಾಣಿ ಬಿದ್ದಿದ್ದನ್ನ ನೋಡಿದವರ್ಯಾರು? ಸಾಕ್ಷಿ ತೋರ್ಸು!” ಎಂದು ತನ್ನ ಗುಂಪಿನವರ ಮೇಲೇ ಎಗರಿಬಿದ್ದಳು. ಗಿರಣಿಯ ಬಳಿ ದಡದ ಮಣ್ಣು ಸಡಿಲ, ಪ್ರತಿ ನೆರೆಗೂ ಕುಸಿಯುತ್ತದೆ ಎಂಬುದು ಮೂವರ ಪುಟಗಳೂ ಕೂಡಿದಾಗ ಹೊಳೆಯಿತು. ಬಾಗಿಲಲ್ಲಿ ನಿಂತಿದ್ದ ಲ್ಯಾಬ್ ಸರ್ ಕಣ್ಣು ಒರೆಸಿಕೊಂಡಿದ್ದನ್ನು ಆಕೆ ನೋಡಿದಳು. ಆ ಕಣ್ಣೀರು ಸುಳ್ಳಾಗಿರಲಿಲ್ಲ ಎಂದು ಆಕೆ ಈಗಲೂ ನಂಬುತ್ತಾಳೆ. ನೋವು ಹೆಚ್ಚಾಗುವುದೂ ಅದರಿಂದಲೇ.

ಮುಂದೆ ಉಪ್ಪಿನ ಪಾಠ, ದಾರಿದೀಪದ ಪಾಠ, ಹೀಗೆ ಒಂದರ ಹಿಂದೊಂದು ಬಂದವು. ಆಮೇಲಾಮೇಲೆ ಆತ ರಜೆ ಹಾಕತೊಡಗಿದ. “ಅಮ್ಮಂಗೆ ಮತ್ತೆ ಹುಷಾರಿಲ್ಲ ಅಕ್ಕ.” ಆಕೆ ಮರುಮಾತಾಡದೆ ಆತನ ತರಗತಿಗಳನ್ನೂ ತೆಗೆದುಕೊಂಡಳು.

ಅಂಥದೊಂದು ದಿನ ಮಕ್ಕಳು ಲ್ಯಾಬಿನಲ್ಲಿ ಕೂತು ಇಂಟರ್ನೆಟ್‌ನಲ್ಲಿ ಹುಡುಕಾಡುತ್ತಿದ್ದಾಗ ಆ ಅನುಮಾನಿ ಹುಡುಗಿ ಕೈಯೆತ್ತಿದಳು. “ಮಿಸ್, ನಮ್ಮ ಸೇತುವೆ ಪಾಠ ಇಲ್ಲೂ ಇದೆ. ಬರೆದವರು ಯಾರು ಅಂತ ನೋಡಿದೆ.” ಹುಡುಗಿ ತಡವರಿಸಿದಳು. “ನೀವಲ್ಲ ಮಿಸ್.”

ಪರದೆಯ ಮೇಲೆ ಶಾಲೆಗಳಿಗೆ ಪಾಠ ಮಾರುವ ಕಂಪನಿಯೊಂದರ ಪುಟ. ಆಕೆ ಬರೆದ ಪ್ರಶ್ನೆ, ಆಕೆಯ ತರಗತಿಯ ಮಕ್ಕಳು ಪಾಠಕ್ಕೆಂದು ಬಿಡಿಸಿಕೊಟ್ಟಿದ್ದ ದೋಣಿಯ ಚಿತ್ರ. ಕೆಳಗೆ ‘ಪರಿಕಲ್ಪನೆ ಮತ್ತು ರಚನೆ’ ಎಂದು ಲ್ಯಾಬ್ ಸರ್‌ನ ಹೆಸರು, ನಗುಮುಖದ ಫೋಟೊ. ಮಕ್ಕಳೆಲ್ಲ ಆಕೆಯ ಮುಖವನ್ನೇ ನೋಡುತ್ತಿದ್ದರು. “ಚೆನ್ನಾಗಿ ಹುಡುಕಿದೆ ಪುಟ್ಟಿ” ಎಂದಳು.

ಇನ್ನೂ ನಂಬಲಾಗದೆ ಆತನ ತಾಯಿಗೆ ಫೋನ್ ಮಾಡಿದಳು. “ಹೇಗಿದ್ದೀರಮ್ಮ?”

“ನಂಗೇನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ. ಅವನೇ ಹೊಸ ಕೆಲಸ ಅಂತ ಊಟ ನಿದ್ದೆ ಬಿಟ್ಟು ಓಡಾಡ್ತಿದ್ದಾನೆ. ನಿಂಗೆ ಹೇಳಿರ್ಬೇಕಲ್ಲ?”

“ಹೇಳಿದ್ದಾನೆ” ಎಂದಳು. ಆ ಮುದುಕಿಯ ಮನಸ್ಸು ಮುರಿಯುವುದು ಬೇಡವಿತ್ತು.

ಮರುದಿನ ಆತ ಬಂದಾಗ ಲ್ಯಾಬಿನ ಬಾಗಿಲು ಹಾಕಿಕೊಂಡು ಕೇಳಿದಳು. ಆತ ತಪ್ಪಿಸಿಕೊಳ್ಳಲು ನೋಡಲಿಲ್ಲ, ಅಷ್ಟರಮಟ್ಟಿಗೆ ನೇರ.

“ನೀವು ಇದನ್ನ ಈ ನಾಲ್ಕು ಗೋಡೆ ದಾಟಿಸ್ತಿರ್ಲಿಲ್ಲ ಅಕ್ಕ. ನಾನು ದಾಟಿಸ್ದೆ. ಪುಟ ಮಾಡಿದ್ದೂ ನಾನೇ ಅಲ್ವಾ?”

“ನನ್ನ ಹೆಸರು ಹಾಕೋಕೆ ಜಾಗ ಇರ್ಲಿಲ್ವಾ?”

“ಅವರಿಗೆ ಒಂದೇ ಹೆಸರು ಬೇಕಾಗಿತ್ತು.”

“ಆ ಒಂದು ಹೆಸರು ನಂದಾಗಬಹುದು ಅಂತ ನಿಂಗೆ ಒಂದು ಗಳಿಗೆನೂ ಅನ್ನಿಸ್ಲಿಲ್ವೇನೋ?”

ಆತ ಕೀಲಿಮಣೆಯ ಧೂಳು ಊದಿದ.

ಆಕೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು. “ನೋಡಮ್ಮ, ನಮ್ಮ ಶಾಲೆಗೆ ಆ ಕಂಪನಿಯವರು ಪಾಠಗಳನ್ನ ಪುಕ್ಕಟೆ ಕೊಡ್ತಾರಂತೆ. ಹೊಸ ಕಂಪ್ಯೂಟರ್‌ಗಳನ್ನೂ ಕೊಡ್ತಾರೆ. ನಾನೇ ಒಪ್ಪಿಗೆ ಕೊಟ್ಟಿದ್ದು.”

“ಅಂದ್ರೆ ನಿಮಗೆ ಗೊತ್ತಿತ್ತು.”

“ನಿಮ್ಮ ಜೊತೆ ಮಾತಾಡಿದ್ದೀನಿ ಅಂತ ಅವನು ಹೇಳ್ದ. ನೀವಿಬ್ರೂ ಅಕ್ಕ ತಮ್ಮನ ಹಾಗಿದ್ರಲ್ಲ, ನಾನ್ಯಾಕೆ ಕೇಳ್ಲಿ?”

ಯಾರೂ ಯಾಕೆ ಎಂದು ಕೇಳಿರಲಿಲ್ಲ.

ಲ್ಯಾಬ್ ಸರ್ ಕೆಲಸ ಬಿಟ್ಟು ಕಂಪನಿ ಸೇರಿದ. ಬೇಸಿಗೆ ರಜೆಗೆ ಮುಂಚೆ ಊರಿನ ಶಾಲೆಗಳ ಶಿಕ್ಷಕರಿಗೆಲ್ಲ ಕಂಪನಿಯ ಪಾಠಗಳ ತರಬೇತಿ ಎಂದು ಕರೆ ಬಂತು. ಹೋಗಲೇಬೇಕಿತ್ತು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು, ತನ್ನ ಪಾಠವನ್ನು ಹೇಗೆ ಹೇಳಬೇಕೆಂದು ಆತನಿಂದ ಕಲಿಯುವ ಸರದಿ ಆಕೆಗೆ ಬಂತು. ಆತ ಚೆನ್ನಾಗಿಯೇ ಮಾತಾಡಿದ. ಆಕೆಯ ತಮಾಷೆಗಳನ್ನೂ ಹೇಳಿದ, ಜನ ನಕ್ಕರು. ಆದರೆ ಪಾಠ ಬೇರೆಯಾಗಿತ್ತು. ಈಗ ಅದು ಓಟದ ಪಂದ್ಯ: ಮೊದಲು ಉತ್ತರ ಒತ್ತಿದ ಗುಂಪಿಗೆ ನಕ್ಷತ್ರ. ಅನುಮಾನಿಯೇ ಇರಲಿಲ್ಲ. ಆದರೆ ರಾಣಿಯ ಪುಟ ಹಾಗೇ ಇತ್ತು, ಬಣ್ಣದ ಚಿತ್ರದೊಂದಿಗೆ, ನಿಜವಾದ ಇತಿಹಾಸದಂತೆ.

ಹೆಸರು ಹೋದಾಗ ಆಕೆಗೆ ಸಿಟ್ಟು ಬಂದಿತ್ತು. ಈಗ ಆ ಹೆಸರಿನ ನೆನಪೂ ಆಗಲಿಲ್ಲ. ಚಹಾದ ಹೊತ್ತಿನಲ್ಲಿ ಆತನ ಬಳಿ ಹೋದಳು.

“ರಾಣಿ ಕಥೆ ಸುಳ್ಳು ಅಂತ ನಿಂಗೆ ಗೊತ್ತು.”

“ಅನುಮಾನಿ ಇದ್ರೆ ಪಾಠ ತುಂಬ ಉದ್ದ ಆಗುತ್ತೆ ಅಂದ್ರು. ರಾಣಿ ಕಥೆ ಮಕ್ಕಳಿಗೆ ಇಷ್ಟ ಆಗಿದೆ ಅಕ್ಕ. ಯಾರು ಪರೀಕ್ಷೆ ಮಾಡ್ತಾರೆ ಬಿಡಿ.”

“ನನ್ನನ್ನ ಅಕ್ಕ ಅನ್ಬೇಡ.”

ಆತ ಸುತ್ತ ಕಣ್ಣಾಡಿಸಿದ, ಯಾರಾದರೂ ಕೇಳಿಸಿಕೊಂಡರೋ ಎಂದು. ಆಕೆ ಕುಡಿಯದ ಲೋಟ ಕೆಳಗಿಟ್ಟು ಹೊರಟಳು. ಕಂಪನಿಗೆ ಎರಡು ಸಲ ಬರೆದು ತಪ್ಪನ್ನು ತೋರಿಸಿದಳು. ‘ನಿಮ್ಮ ಸಲಹೆಗೆ ಧನ್ಯವಾದ’ ಎಂದು ಉತ್ತರ ಬಂತು. ರಾಣಿ ಇನ್ನೂ ಹೊಳೆಗೆ ಬೀಳುತ್ತಲೇ ಇದ್ದಾಳೆ.

ಗಂಡ ಸಮಾಧಾನ ಮಾಡಲು ನೋಡಿದ. “ಹೊಸದು ಮಾಡು. ತಲೆ ಅಂತೂ ಅವನು ಕದ್ದಿಲ್ವಲ್ಲ.”

ಅದು ಸರಿಯೇ. ಆಕೆ ಹೊಸ ಪಾಠಗಳನ್ನು ಮಾಡಿದಳು. ಪುಟ ಕಟ್ಟುವುದನ್ನು ತಾನೇ ಕಲಿತು, ಮನೆಯ ಊಟದ ಮೇಜಿನ ಮೇಲೆ ಒಬ್ಬಳೇ ಕೂತು ಮಾಡಿದಳು. ತರಗತಿಯಲ್ಲಿ ಮಕ್ಕಳು ಈಗಲೂ ನಾಲ್ಕು ನಾಲ್ಕು ಜನ ತಲೆ ಕೂಡಿಸಿ ಜಗಳಾಡುತ್ತಾರೆ. ಶಿಕ್ಷಕರ ಕೋಣೆಯಲ್ಲಿ ಮಾತ್ರ ಆಕೆ ಡಬ್ಬಿ ಬಿಚ್ಚುವುದು ಕಿಟಕಿಯ ಕಡೆ ಮುಖ ಮಾಡಿ.

ಮೊನ್ನೆ ಭಾಷಾ ಶಿಕ್ಷಕಿ ಕುರ್ಚಿ ಎಳೆದುಕೊಂಡು ಬಂದಳು. ಒಳ್ಳೆಯ ಹೆಂಗಸು, ಯಾರ ತಂಟೆಗೂ ಹೋಗದವಳು. “ಗಡಿಯಾರದ ಬಗ್ಗೆ ಏನೋ ಮಾಡಿದ್ದೀರಂತೆ, ನನ್ನ ತರಗತಿಗೂ ಕೊಡ್ತೀರಾ? ನಿಮ್ಮ ಹೆಸರು ಹೇಳೇ ಮಾಡ್ತೀನಿ.”

ಪಾಠ ಸಿದ್ಧವಾಗಿ ವಾರ ಕಳೆದಿತ್ತು. ಚೀಲದಲ್ಲೇ ಇತ್ತು.

“ಇನ್ನೂ ಮುಗಿದಿಲ್ಲ” ಎಂದಳು ಯಾಕೆ ಮಿಸ್. ಆ ಹೆಂಗಸು “ಪರವಾಗಿಲ್ಲ, ಮುಗಿದಾಗ ಹೇಳಿ” ಎಂದು ಎದ್ದುಹೋದಳು. ಹೇಳಿದ್ದು ತಪ್ಪೆಂದು ಆಕೆಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಕೂಗಿ ಕರೆಯಲಿಲ್ಲ. ಚೀಲದ ಜಿಪ್ ಎಳೆದು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಊಟ ಮುಗಿಸಿದಳು.