ದಮ್ಮು ಇದ್ದವನ ವಿಮೆ

ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಮೂವತ್ತು ವರ್ಷ ಯಂತ್ರ ನಡೆಸಿದವನಿಗೆ ಸಿಗುವ ಬಿರುದು ಒಂದೇ, ದಮ್ಮು. ನಮ್ಮ ಕಡೆ ಉಬ್ಬಸಕ್ಕೆ ಹಾಗನ್ನುತ್ತಾರೆ. ತೌಡಿನ ಧೂಳು ಎದೆಯೊಳಗೆ ಮನೆ ಮಾಡಿ ಬಾಡಿಗೆ ಕೊಡದೆ ಕೂತುಬಿಟ್ಟಿತ್ತು. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ನಾನು ಬಾಯಿಗೆ ಹೊಡೆದುಕೊಳ್ಳುವ ಪಂಪು ಇಟ್ಟುಕೊಳ್ಳುತ್ತಿದ್ದೆ.

ಇಂಥ ರತ್ನವನ್ನು ಐವತ್ತೊಂದನೇ ವಯಸ್ಸಿನಲ್ಲಿ ಟಾಂಜಾನಿಯಾದ ಒಂದು ಗಿರಣಿಯವರು ಗುರುತಿಸಿದರು. ಎರಡು ವರ್ಷದ ಕೆಲಸ. ನಿಜ ಹೇಳಬೇಕೆಂದರೆ ನನಗೆ ಹೋಗುವ ಆಸೆ ಬಹಳ ಇತ್ತು. ಬಾಗಲವಾಡ, ಕವಿತಾಳದ ಭತ್ತ ಬಿಟ್ಟು ಬೇರೆ ನೆಲದ ಭತ್ತ ಕಂಡವನಲ್ಲ. ಸಮುದ್ರದ ಆಚೆಯವರು ನನ್ನನ್ನು ಬೇಕು ಅಂದರಲ್ಲ ಎಂಬ ಹೆಮ್ಮೆ ಬೇರೆ. ಪತ್ರದ ಕೊನೆಗೆ ಒಂದು ಸಾಲಿತ್ತು: ಟಿಕೆಟ್ ನಮ್ಮದು, ಕೋಣೆ ನಮ್ಮದು, ಆರೋಗ್ಯ ವಿಮೆ ಮಾತ್ರ ನಿಮ್ಮದು.

ನಮ್ಮ ಮನೆಯಲ್ಲಿ ವಿಮೆ ಇರಲಿಲ್ಲ ಅಂತೇನಲ್ಲ. ಮೊದಲು ಕಷಾಯ, ಅದಕ್ಕೆ ಬಗ್ಗದಿದ್ದರೆ ಔಷಧ ಅಂಗಡಿಯವನು ಕೊಟ್ಟ ಗುಳಿಗೆ, ಆಮೇಲೆ ರಾಯಚೂರಿನ ಡಾಕ್ಟರು, ಅವರೂ ಕೈ ಚೆಲ್ಲಿದರೆ ನೀರಮಾನ್ವಿ ಯಲ್ಲಮ್ಮ. ಆ ತಾಯಿ ಇಂದಿನವರೆಗೆ ಯಾರ ಹತ್ತಿರವೂ ಫಾರಂ ತುಂಬಿಸಿಕೊಂಡದ್ದಿಲ್ಲ.

ರಾಯಚೂರಿನ ವಿಮೆ ಏಜೆಂಟರ ಹತ್ತಿರ ಹೊರಟಾಗ ಹೆಂಡತಿಯೂ ಜೊತೆಗೆ ಬಂದಳು. ಆಕೆ ದೇವದುರ್ಗದವಳು, ನಾನು ಒಬ್ಬನೇ ಸರಿಯಾದ ಬಸ್ಸು ಹತ್ತುತ್ತೇನೆ ಎಂಬ ನಂಬಿಕೆ ಆಕೆಗೆ ಮದುವೆಯಾದಾಗಿನಿಂದ ಇಲ್ಲ. ಏಜೆಂಟರು ನಮ್ಮನ್ನು ಕೂಡಿಸಿ, ನೀರು ಕೊಟ್ಟು, ಫಾರಂ ಮುಂದಿಟ್ಟರು.

"ಕಾಯಿಲೆ ಅಂತ ಇರೂ ಕಡೆ ಎಲ್ಲಾ ಇಲ್ಲ ಅಂತ ಬರೀರಿ. ಎಲ್ಲಾರೂ ಹಂಗ ಬರೀತಾರ."

"ಇವರಿಗೆ ದಮ್ಮು ಅದರೀ," ಅಂದಳು ಹೆಂಡತಿ.

"ಅಕ್ಕಾರ, ಅದನ್ನೆಲ್ಲ ಕಂಪನಿ ಡಾಕ್ಟರು ಫೋನಿನಾಗ ಕೇಳ್ತಾರ. ಅವರ ಮುಂದ ಹೇಳ್ರಿ."

ಆ ಕಾಲಂ ಖಾಲಿ ಬಿಟ್ಟು ಸಹಿ ಮಾಡಿ ಬಂದೆ.

ಮೂರನೇ ದಿನ ಫೋನು ಬಂತು. ನಾನು ಗಿರಣಿಯಲ್ಲಿದ್ದೆ, ಹಿಂದೆ ಯಂತ್ರದ ಗದ್ದಲ. ಬೆಂಗಳೂರಿನ ಡಾಕ್ಟರಮ್ಮ, ಸಕ್ಕರೆಯಂಥ ದನಿ.

"ನಿಮಗೆ ಆರೋಗ್ಯದ ಸಮಸ್ಯೆ ಏನಾದರೂ ಇದೆಯಾ ಸರ್?"

"ಏನಿಲ್ಲರೀ ಮೇಡಂ, ದಮ್ಮು ಅದ ಅಷ್ಟ. ಭಾಳ ವರ್ಷದಿಂದ ಅದ."

ಆಕೆ ನಕ್ಕರು. "ಒಳ್ಳೆಯದೇ ಅಲ್ವಾ ಸರ್. ಈ ವಯಸ್ಸಲ್ಲಿ ಹೊರದೇಶಕ್ಕೆ ಹೋಗೋಕೆ ದಮ್ಮು ಬೇಕೇ ಬೇಕು."

ಎಂಥ ಕರುಣಾಮಯಿ ಕಂಪನಿ ಅನಿಸಿತು. ಉಬ್ಬಸ ಇದೆ ಎಂದು ಹೇಳಿದ್ದಕ್ಕೆ ಇಷ್ಟು ಪ್ರೀತಿಯಿಂದ ಬೆನ್ನು ತಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ. ಆಮೇಲೆ ಆಕೆ ಒಂದಷ್ಟು ಇಂಗ್ಲಿಷ್ ಕಾಯಿಲೆಗಳನ್ನು ಎಕ್ಸ್‌ಪ್ರೆಸ್ ಗಾಡಿಯ ವೇಗದಲ್ಲಿ ಓದಿದರು. ನನ್ನದನ್ನು ಆಗಲೇ ಹೇಳಿಯಾಗಿದೆ, ಉಳಿದವು ಬೇರೆಯವರವು ಎಂದುಕೊಂಡು ಎಲ್ಲದಕ್ಕೂ ಇಲ್ಲ, ಇಲ್ಲ ಎನ್ನುತ್ತ ಹೋದೆ.

ಪಾಲಿಸಿ ಬಂತು. ಹೆಂಡತಿ ಹಾಳೆ ಹಿಡಿದುಕೊಂಡು ಒಂದೊಂದೇ ಸಾಲು ಓದಿದಳು. ಅಸ್ತಮಾ: ಇಲ್ಲ. ಉಸಿರಾಟದ ತೊಂದರೆ: ಇಲ್ಲ. ಧೈರ್ಯಕ್ಕೊಂದು ಕಾಲಂ ಇದ್ದಿದ್ದರೆ ಅಲ್ಲಿ ಮಾತ್ರ ಬಹಳ ಇದೆ ಎಂದು ಬರೆದಿರುತ್ತಿದ್ದರೋ ಏನೋ. ದಮ್ಮು ಅಂದರೆ ಎದೆಗಾರಿಕೆ ಎಂದು ಡಾಕ್ಟರಮ್ಮ ತಿಳಿದುಕೊಂಡಿದ್ದರು. ಮೂವತ್ತು ವರ್ಷದ ಉಬ್ಬಸ ಒಂದು ಫೋನಿನಲ್ಲಿ ವಾಸಿಯಾಗಿತ್ತು.

ಮತ್ತೆ ರಾಯಚೂರಿಗೆ ಹೋದೆವು. ಏಜೆಂಟರಿಗೆ ಹಿಡಿಸಲಾರದಷ್ಟು ಸಂತೋಷ. "ದೇವರ ಮಾಡ್ಯಾನ ಬಿಡ್ರಿ. ಸುಮ್ಮನ ಇದ್ದುಬಿಡ್ರಿ."

"ಅಲ್ಲಿ ಹೋದ ಮ್ಯಾಲೆ ದಮ್ಮು ಎದ್ದರ?" ಅಂದಳು ಹೆಂಡತಿ.

"ಅವಾಗ ನೋಡೂಣು."

"ಯಾರು ನೋಡ್ತೀರಿ? ಕಾಯಿಲೆ ಮುಚ್ಚಿಟ್ಟಾನ ಅಂತ ಕಂಪನಿ ಕೈ ಎತ್ತಿದರ ದವಾಖಾನಿ ಬಾಗಲದಾಗ ಇವರು ಯಾರನ್ನ ಕರೀಬೇಕು?"

ಏಜೆಂಟರು ಫ್ಯಾನಿನ ಕಡೆ ನೋಡಿದರು. ನನಗೆ ಮಾತ್ರ ಕವಿತಾಳದ ಬಸ್ ನಿಲ್ದಾಣ ನೆನಪಾಯಿತು. ಒಂದು ಚಳಿಗಾಲದ ಬೆಳಿಗ್ಗೆ ಅಲ್ಲಿ ಉಸಿರು ಕಟ್ಟಿ, ಪಂಪು ಖಾಲಿಯಾಗಿ, ನಾನು ನೆಲಕ್ಕೆ ಕೂತುಬಿಟ್ಟಿದ್ದೆ. ತರಕಾರಿ ಹೇರಿದ್ದ ಟೆಂಪೋಕ್ಕೆ ಅಡ್ಡ ನಿಂತು, ಬದನೆಕಾಯಿ ಚೀಲಗಳ ಮೇಲೆ ನನ್ನನ್ನು ಕೂಡಿಸಿಕೊಂಡು ಮಾನ್ವಿಯ ಆಸ್ಪತ್ರೆ ಮುಟ್ಟಿಸಿದವಳು ಇವಳೇ. ಅಂದು ನಾನು ಸಾಯುತ್ತೇನೆ ಎಂದೇ ತಿಳಿದಿದ್ದೆ. ಟಾಂಜಾನಿಯಾದಲ್ಲಿ ಟೆಂಪೋ ಇರಬಹುದು, ಅಡ್ಡ ನಿಲ್ಲುವವರು ಇರುವುದಿಲ್ಲ. ಹೆದರಿಕೆಯಾಯಿತು.

ಏಜೆಂಟರ ಫೋನಿನಿಂದಲೇ ಕಂಪನಿಯ ಅದೇ ಡಾಕ್ಟರಮ್ಮನಿಗೆ ಕರೆ ಮಾಡಿಸಿದೆವು. ಈ ಸಲ ಹೆಂಡತಿಯೇ ಮಾತಾಡಿದಳು.

"ಬರಕೊಳ್ರಿ ಮೇಡಂ. ದಮ್ಮು, ಉಬ್ಬಸ, ಅಸ್ತಮಾ, ಮೂರೂ ಒಂದರೀ. ಇವರಿಗೆ ಇರೂದು ಆ ದಮ್ಮು. ನೀವು ತಿಳಕೊಂಡ ದಮ್ಮು ಇವರಿಗೆ ಅಷ್ಟಕ್ಕಷ್ಟ."

ವಾರದಲ್ಲಿ ಹೊಸ ಪಾಲಿಸಿ ಬಂತು. ಸತ್ಯಕ್ಕೆ ತಕ್ಕ ಬಹುಮಾನವೂ ಬಂತು: ಉಸಿರಿಗೆ ಸಂಬಂಧಿಸಿದ ಯಾವ ಚಿಕಿತ್ಸೆಗೂ ಎರಡು ವರ್ಷ ಕಂಪನಿ ಜವಾಬ್ದಾರಿಯಲ್ಲ. ನನ್ನ ಕೆಲಸವೂ ಎರಡೇ ವರ್ಷದ್ದು. ಕಾಲು ಮುರಿದರೆ ಕೊಡುತ್ತಾರೆ, ಹಲ್ಲು ಉದುರಿದರೆ ಕೊಡುತ್ತಾರೆ, ಉಸಿರಾಡುವುದು ಮಾತ್ರ ನನ್ನ ಸ್ವಂತ ಖರ್ಚು.

ಅದನ್ನು ಹಿಡಿದು ಮೂರನೇ ಸಲ ರಾಯಚೂರಿಗೆ ಹೋದಾಗ ನಮ್ಮ ಮುಖ ನೋಡಿ ಏಜೆಂಟರಿಗೆ ಕನಿಕರವಾಯಿತು. ಕೊನೆಯ ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ನೋಡ್ರಿ ಯಜಮಾನ್ರ, ಇದರಾಗ ಒಂದು ಷರತ್ತೂ ಇಲ್ಲ. ಅಲ್ಲಿ ಏನರ ಹೆಚ್ಚುಕಮ್ಮಿ ಆತಂದ್ರ ದೇಹ ಮಾನ್ವಿ ಮನಿ ಬಾಗಲಕ್ಕ ತಂದು ಮುಟ್ಟಸ್ತಾರ. ಯಾವ ಕಾಯಿಲೆಯಿಂದ ಆದರೂ ಅಷ್ಟ."

ಬದುಕಿದ್ದಾಗ ಉಸಿರಿಗೆ ಗತಿ ಇಲ್ಲ, ಹೋದ ಮೇಲೆ ವಿಮಾನದ ಮರ್ಯಾದೆ. ನಾನು ನಗುವುದೋ ಅಳುವುದೋ ತಿಳಿಯದೆ ಸಹಿ ಮಾಡಿದೆ. ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ಹೋಗಬೇಡಿ ಅನ್ನಲಿಲ್ಲ. ನನ್ನ ಆಸೆ ಆಕೆಗೆ ಗೊತ್ತಿತ್ತು. ಮಾನ್ವಿಯಲ್ಲಿ ಇಳಿದವಳೇ ಔಷಧ ಅಂಗಡಿಗೆ ಹೋಗಿ, ಡಾಕ್ಟರ ಚೀಟಿ ತೋರಿಸಿ, ಅಲ್ಲಿದ್ದ ಪಂಪುಗಳನ್ನೆಲ್ಲ ಕಟ್ಟಿಸಿಕೊಂಡು ಬಂದಳು. ನನ್ನ ನಿಜವಾದ ವಿಮೆ ಆ ಚೀಲದಲ್ಲಿತ್ತು.

ಹೊರಡುವ ದಿನ ಬಾಗಿಲಲ್ಲಿ ನಿಂತೆ. ನಮ್ಮಲ್ಲಿ ಹೋಗ್ತೀನಿ ಎನ್ನುವ ಪದ್ಧತಿ ಇಲ್ಲ, ಅದು ಅಪಶಕುನ. ಎಲ್ಲರೂ ಅನ್ನುವಂತೆ ನಾನೂ, "ಬರ್ತೀನಿ," ಅಂದೆ.

ಆಕೆ ನನ್ನ ಜೇಬು ಮುಟ್ಟಿ ಪಂಪು ಇದೆಯೋ ಇಲ್ಲವೋ ನೋಡಿದಳು.

"ನಡಕೊಂತ ಬರ್ರಿ," ಅಂದಳು.